ದಾನದ ಹಸುವಿನ ಹಲ್ಲು: ಆಹಾರ ಕಂಪನಿಗಳ ಆಡಳಿತ ಮಂಡಳಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ನನ್ನ ಕೆಲಸವೇ ಅದು. ಮಾರಾಟವಾಗದೆ ಉಳಿದ ಆಹಾರವನ್ನು ಕಂಪನಿಗಳಿಂದ ಪಡೆದು ಹಂಚುವ ಸಂಸ್ಥೆಯೊಂದರ ಗೋದಾಮಿನಲ್ಲಿ ಶನಿವಾರ ಶನಿವಾರ ಹೋಗಿ ನಿಲ್ಲುವ ಸ್ವಯಂಸೇವಕಿ ನಾನು. ಲಾರಿ ಬಂದ ಕೂಡಲೇ ಪೆಟ್ಟಿಗೆ ಬಿಚ್ಚಿ ದಿನಾಂಕ ನೋಡುವುದು, ಜಜ್ಜಿದ್ದು, ಊದಿದ್ದು, ಹಂಚಬಹುದಾದದ್ದು ಎಂದು ಬೇರೆ ಬೇರೆ ಮಾಡುವುದು, ತೂಕ ಬರೆದಿಡುವುದು. ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ನಿಮ್ಮ ಪೆಟ್ಟಿಗೆಗಳನ್ನು ಬಿಚ್ಚಿದಷ್ಟೇ ಶ್ರದ್ಧೆಯಿಂದ ಸಮಾಜಕ್ಕೆ, ಪರಿಸರಕ್ಕೆ ಏನು ಮಾಡಿದೆವು ಎಂದು ನೀವು ಹೊರತರುವ ಸುಸ್ಥಿರತಾ ವರದಿಗಳನ್ನೂ ಓದಿದ್ದೇನೆ. ಎರಡರ ಮೇಲೂ ಒಂದೇ ಲಾಂಛನ. ಎರಡೂ ಒಂದೇ ಮನೆಯಿಂದ ಹೊರಟವು ಎಂದು ನಂಬುವುದು ಮಾತ್ರ ಕೆಲವು ಸಲ ಕಷ್ಟ.

ಯಾವ ಕಂಪನಿಯ ಮೇಲಿನ ಸಿಟ್ಟಿಗೆ ಇದನ್ನು ಬರೆಯುತ್ತಿದ್ದೀರಿ ಎಂದು ಕೇಳಬೇಡಿ, ಹೇಳುವುದಿಲ್ಲ. ಹೆಸರು ಹೇಳಿದರೆ ಉಳಿದವರೆಲ್ಲ ನಿಟ್ಟುಸಿರು ಬಿಟ್ಟು ಪತ್ರ ಮಡಚಿಡುತ್ತೀರಿ.

ಒಂದು ಶನಿವಾರದ ಕತೆ ಹೇಳಿಬಿಡುತ್ತೇನೆ. ಒಂದು ದೊಡ್ಡ ಕಂಪನಿಯಿಂದ ಲಾರಿ ಬಂತು, ಹಿಂದೆಯೇ ಒಂದು ಕಾರು. ಕಾರಿನಿಂದ ಇಳಿದವರು ಮೊದಲು ಬ್ಯಾನರ್ ಕಟ್ಟಿದರು. ನಾಲ್ವರು ಅಧಿಕಾರಿಗಳು ಕಂಪನಿಯ ಬಣ್ಣದ ಟೀ ಶರ್ಟ್ ತೊಟ್ಟು ಒಂದೊಂದು ಪೆಟ್ಟಿಗೆ ಹಿಡಿದು ನಿಂತರು. ಫೋಟೋ ಆಯಿತು, ವಿಡಿಯೋ ಆಯಿತು, ಕಾರು ಹೋಯಿತು. ಉಳಿದ ಪೆಟ್ಟಿಗೆಗಳನ್ನು ನಾವು ಇಳಿಸಿಕೊಂಡು ಬಿಚ್ಚಿ ನೋಡಿದರೆ ಹಾಲಿನ ಪಾನೀಯ. ಅವಧಿ ಮುಗಿಯಲು ಎರಡೇ ದಿನ. ತಣ್ಣಗಿಡಬೇಕಾದ ಸರಕು, ನಮ್ಮ ತಂಪುಕೋಣೆ ಆಗಲೇ ಭರ್ತಿ. ಹಂಚುವ ಕೇಂದ್ರಗಳಿಗೆ ಭಾನುವಾರ ರಜೆ. ಕೈಕಾಲು ಹಿಡಿದು ಎರಡು ವಾಹನ ಹೊಂದಿಸಿ ರಾತ್ರಿಯವರೆಗೆ ಓಡಾಡಿದರೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಜನರ ಕೈ ಸೇರಿತು. ಉಳಿದದ್ದನ್ನು ವಿಲೇವಾರಿ ಮಾಡಲು ದುಡ್ಡು ಕೊಟ್ಟವರು ನಾವು. ಮರುವರ್ಷದ ವರದಿಯಲ್ಲಿ ಆ ಲಾರಿಯ ಪೂರ್ತಿ ತೂಕ ‘ಸಮುದಾಯಕ್ಕೆ ತಲುಪಿದ ಊಟ’ ಎಂಬ ಅಂಕಿಯೊಳಗೆ ಕೂತಿತ್ತು.

ಆ ಅಂಕಿ ಸುಳ್ಳು ಎಂದು ನಾನು ಹೇಳುವುದಿಲ್ಲ. ನಿಮ್ಮ ಗೇಟಿನಿಂದ ಹೊರಬಿದ್ದ ತೂಕ ಅದು, ಸರಿಯಾಗಿಯೇ ಇದೆ. ತೂಕವನ್ನು ಒಂದು ಊಟಕ್ಕೆ ಇಷ್ಟು ಎಂಬ ಸರಾಸರಿಯಿಂದ ಭಾಗಿಸಿದರೆ ಇಷ್ಟು ಲಕ್ಷ ಊಟ ಎಂದು ಬರುತ್ತದೆ, ಅದೂ ರೂಢಿಯ ಲೆಕ್ಕವೇ. ಆದರೆ ತಂಪು ಪಾನೀಯದ ತೂಕವೂ ಊಟವಾಗುತ್ತದೆ, ಚಾಕೊಲೇಟಿನ ತೂಕವೂ ಊಟವಾಗುತ್ತದೆ, ಚರಂಡಿಗೆ ಸುರಿದ ಹಾಲೂ ಊಟವಾಗುತ್ತದೆ. ಊಟ ಅಂದರೆ ಯಾರಾದರೂ ಉಂಡಿರಬೇಕು ಅಂದುಕೊಂಡಿದ್ದವಳು ನಾನು.

ಈ ವ್ಯವಸ್ಥೆ ಹುಟ್ಟಿದ್ದು ಹೀಗಲ್ಲ. ಆಹಾರ ಬ್ಯಾಂಕ್ ಎಂಬ ಕಲ್ಪನೆ ಕಾಲೂರಿದ್ದು 1967ರಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ. ಜಾನ್ ವ್ಯಾನ್ ಹೆಂಗೆಲ್ ಎಂಬ ನಿವೃತ್ತ ವ್ಯಾಪಾರಿ ಚರ್ಚೊಂದರ ದಾಸೋಹದಲ್ಲಿ ದುಡಿಯುತ್ತಿದ್ದಾಗ, ಸೂಪರ್ ಮಾರ್ಕೆಟ್‌ಗಳ ಕಸದ ಡಬ್ಬಿಯಿಂದ ಆಯ್ದು ತಂದು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬಳ ಮಾತಿನಿಂದ ಇದು ಹೊಳೆಯಿತು ಎಂದು ಹೇಳುತ್ತಾರೆ. ಹಣ ಇಡುವುದಕ್ಕೆ ಬ್ಯಾಂಕ್ ಇದ್ದಂತೆ ಆಹಾರ ಇಡುವುದಕ್ಕೂ ಒಂದಿರಬಾರದೇ? ಸೇಂಟ್ ಮೇರಿ ಆಹಾರ ಬ್ಯಾಂಕ್ ಶುರುವಾಯಿತು. 1984ರಲ್ಲಿ ಪ್ಯಾರಿಸ್‌ಗೆ ಬಂತು, ಎರಡು ವರ್ಷಕ್ಕೆ ಯುರೋಪಿನ ಆಹಾರ ಬ್ಯಾಂಕುಗಳ ಒಕ್ಕೂಟವೇ ಆಯಿತು. ಈಗ ಜಗತ್ತಿನ ತುಂಬ ಇವೆ. ಆ ತಾಯಿಗೆ ಕಾಣಿಸಿದ್ದು ಎರಡು ವಿಷಯ: ಮಕ್ಕಳ ಹಸಿವು, ಮತ್ತು ಅಂಗಡಿಯ ಹಿಂಬದಿಯ ಕಸದ ಡಬ್ಬಿ. ಅರವತ್ತು ವರ್ಷ ಸಮೀಪಿಸುತ್ತಿದೆ, ಹಸಿವಿನ ಬಗ್ಗೆ ನಾವು ದೊಡ್ಡ ಸಂಸ್ಥೆಗಳನ್ನೇ ಕಟ್ಟಿದೆವು. ಡಬ್ಬಿ ಯಾಕೆ ತುಂಬುತ್ತದೆ ಎಂದು ಕೇಳುವುದನ್ನು ಮರೆತೆವು.

ಆ ಡಬ್ಬಿ ಈಗ ಎಷ್ಟು ದೊಡ್ಡದು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ 63 ಕೋಟಿ ಟನ್ ಮನೆಗಳದ್ದು, 29 ಕೋಟಿ ಹೋಟೆಲು ಮತ್ತು ಊಟ ಬಡಿಸುವ ಸಂಸ್ಥೆಗಳದ್ದು, 13 ಕೋಟಿ ಅಂಗಡಿಗಳದ್ದು. ಈ ಅಂಕಿ ಬಂದಾಗಲೆಲ್ಲ ನಿಮ್ಮ ವಕ್ತಾರರು ‘ನೋಡಿ, ಹೆಚ್ಚಿನ ಪಾಲು ಗ್ರಾಹಕರದ್ದೇ’ ಎಂದು ಬೆರಳು ತೋರಿಸುತ್ತಾರೆ. ಆದರೆ ಹೊಲ, ದಾಸ್ತಾನು, ಕಾರ್ಖಾನೆಗಳಲ್ಲಿ ಆಗುವ ನಷ್ಟ ಈ 105 ಕೋಟಿಯೊಳಗೆ ಇಲ್ಲವೇ ಇಲ್ಲ. ಕೊಯ್ಲಿನಿಂದ ಅಂಗಡಿಯ ಬಾಗಿಲಿಗೆ ಬರುವಷ್ಟರಲ್ಲೇ ಸುಮಾರು ಶೇ. 13ರಷ್ಟು ಆಹಾರ ಕಳೆದುಹೋಗುತ್ತದೆ ಎಂಬುದು ವಿಶ್ವಸಂಸ್ಥೆಯದೇ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜು. ಇನ್ನೊಂದು ತಕ್ಕಡಿಯಲ್ಲಿ, 2024ರಲ್ಲಿ ಹಸಿದು ಮಲಗಿದವರು 67 ಕೋಟಿಗೂ ಹೆಚ್ಚು ಜನ.

ಗ್ರಾಹಕರ ಮನೆಯ ಕಸದಲ್ಲೂ ನಿಮ್ಮ ಕೈವಾಡವಿದೆ. ‘ಈ ದಿನಾಂಕದೊಳಗೆ ಬಳಸಿ’ ಎಂಬುದು ಸುರಕ್ಷತೆಯ ಮಾತು, ಮೀರಿದರೆ ಅಪಾಯ. ‘ಈ ದಿನಾಂಕಕ್ಕೆ ಮುಂಚೆ ಉತ್ತಮ’ ಎಂಬುದು ರುಚಿಯ ಮಾತು, ಮೀರಿದರೆ ಸ್ವಲ್ಪ ಗರಿಗರಿ ಕಡಿಮೆಯಾದೀತು ಅಷ್ಟೇ. ಈ ಎರಡರ ವ್ಯತ್ಯಾಸ ಬಲ್ಲ ಗ್ರಾಹಕರು ಎಷ್ಟು ಮಂದಿ? ಯುರೋಪಿನ ದೇಶಗಳ ಒಕ್ಕೂಟದಲ್ಲಿ ವ್ಯರ್ಥವಾಗುವ ಆಹಾರದಲ್ಲಿ ಶೇ. 10ರವರೆಗೆ ಈ ದಿನಾಂಕದ ಗೊಂದಲಕ್ಕೆ ಸಂಬಂಧಪಟ್ಟದ್ದು ಎಂದು ಅಲ್ಲಿನ ಆಯೋಗವೇ 2018ರಲ್ಲಿ ಹೇಳಿತು. ಗೋದಾಮಿನಲ್ಲಿ ನಮಗಿದು ದಿನದ ಪಾಠ. ಎರಡನೇ ಬಗೆಯ ದಿನಾಂಕ ದಾಟಿದ ಒಳ್ಳೆಯ ಬಿಸ್ಕತ್ತನ್ನು ಕೈಗೆ ಕೊಟ್ಟರೆ ‘ನಾವು ಬಡವರು ಅಂತ ಹಳಸಿದ್ದು ಕೊಡುತ್ತೀರಾ’ ಎಂದು ಒಬ್ಬ ಅಜ್ಜ ನನ್ನ ಮುಖ ನೋಡಿದ್ದರು. ಅಕ್ಷರ ಅಚ್ಚು ಹಾಕಿದವರು ನೀವು, ಉತ್ತರ ಕೊಟ್ಟವಳು ನಾನು.

ಇಲ್ಲಿ ಕಾನೂನಿನ ಮಾತು ಬರುತ್ತದೆ. ‘ಕೊಟ್ಟ ಆಹಾರದಿಂದ ಯಾರಿಗಾದರೂ ಹೊಟ್ಟೆ ಕೆಟ್ಟರೆ ನಮ್ಮ ಮೇಲೆ ಮೊಕದ್ದಮೆ’ ಎಂಬ ಭಯವನ್ನು ಅಮೆರಿಕ 1996ರ ಬಿಲ್ ಎಮರ್ಸನ್ ಕಾಯ್ದೆಯಿಂದ ತೆಗೆದುಹಾಕಿತು. ಒಳ್ಳೆಯ ಮನಸ್ಸಿನಿಂದ ಕೊಟ್ಟವರಿಗೆ ಅಲ್ಲಿ ರಕ್ಷಣೆಯಿದೆ. ಫ್ರಾನ್ಸ್ 2016ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 400 ಚದರ ಮೀಟರಿಗಿಂತ ದೊಡ್ಡ ಸೂಪರ್ ಮಾರ್ಕೆಟ್‌ಗಳು ತಿನ್ನಲು ಯೋಗ್ಯವಾದ ಆಹಾರವನ್ನು ಬೇಕೆಂದೇ ಹಾಳುಮಾಡುವಂತಿಲ್ಲ, ದಾನ ಪಡೆಯುವ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕು. ಅದೇ ವರ್ಷ ಇಟಲಿ ಶಿಕ್ಷೆಯ ಬದಲು ಉತ್ತೇಜನದ ದಾರಿ ಹಿಡಿದು ದಾನದ ಕಾಗದಪತ್ರಗಳನ್ನು ಸರಳ ಮಾಡಿತು. ಫ್ರಾನ್ಸ್‌ನಲ್ಲಿ ದಾನ ಕೊಟ್ಟ ಸರಕಿನ ಮೌಲ್ಯದ ಶೇ. 60ರಷ್ಟನ್ನು, ಒಂದು ಮಿತಿಯೊಳಗೆ, ತೆರಿಗೆಯಲ್ಲೇ ಕಳೆಯಲು ಅವಕಾಶವಿದೆ. ಜೊತೆಗೆ ಕಸ ಸಾಗಿಸುವ ಖರ್ಚೂ ಉಳಿಯುತ್ತದೆ. ಇದನ್ನು ನಾನು ಆಕ್ಷೇಪಿಸುವುದಿಲ್ಲ. ಲಾಭ ಕಂಡರೆ ಕೊಡುತ್ತೀರಿ ಎಂದಾದರೆ ಲಾಭ ಕಾಣಲಿ. ಆದರೆ ಖರ್ಚು ಉಳಿಸಿಕೊಂಡದ್ದನ್ನು ತ್ಯಾಗ ಎಂದು ವರದಿಯಲ್ಲಿ ಬರೆಯಬೇಡಿ ಅಷ್ಟೇ.

ಇನ್ನೊಂದು ನಿಮ್ಮ ಪ್ರಿಯವಾದ ದಾರಿ: ‘ಈ ಪ್ಯಾಕೆಟ್ ಕೊಂಡರೆ ಒಂದು ಮಗುವಿಗೆ ಒಂದು ಊಟ’. ಇದರ ಬೇರು ಆಹಾರದ್ದಲ್ಲ, ಕ್ರೆಡಿಟ್ ಕಾರ್ಡಿನದ್ದು. 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಕಾರ್ಡ್ ಉಜ್ಜಿದಾಗಲೆಲ್ಲ ಒಂದು ಸೆಂಟ್, ಹೊಸ ಕಾರ್ಡಿಗೆ ಒಂದು ಡಾಲರ್ ಎಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ದುರಸ್ತಿಗೆ ಎತ್ತಿಟ್ಟಿತು. ಪ್ರತಿಮೆಗೆ 17 ಲಕ್ಷ ಡಾಲರ್ ಸಿಕ್ಕಿತು, ಕಂಪನಿಯ ಕಾರ್ಡ್ ಬಳಕೆ ಕಾಲು ಭಾಗದಷ್ಟು ಏರಿತು. ಅಂದಿನಿಂದ ಇದು ಜಾಹೀರಾತಿನ ಪಾಠವಾಯಿತು. ನಿಮ್ಮ ಪ್ಯಾಕೆಟ್ಟಿನ ಹಿಂಭಾಗದ ಸಣ್ಣಕ್ಷರವನ್ನು ಭೂತಗನ್ನಡಿ ಹಿಡಿದು ಓದಿದ್ದೇನೆ. ‘ಗರಿಷ್ಠ ಇಷ್ಟು ಮೊತ್ತದವರೆಗೆ’ ಎಂದಿರುತ್ತದೆ. ಆ ಮೊತ್ತ ಮೊದಲ ತಿಂಗಳಲ್ಲೇ ಮುಗಿದರೆ ಉಳಿದ ತಿಂಗಳುಗಳಲ್ಲಿ ಕೊಂಡವರ ಊಟ ಯಾವ ಮಗುವಿಗೆ ಹೋಯಿತು? ಕೆಲವರು ಎಷ್ಟು ಮಾರಾಟವಾದರೂ ಕೊಡುವುದು ಮೊದಲೇ ಗೊತ್ತುಮಾಡಿದ ಒಂದೇ ಮೊತ್ತ. ಅದು ತಪ್ಪಲ್ಲ, ಆದರೆ ‘ಕೊಂಡರೆ’ ಎಂಬ ಪದಕ್ಕೆ ಆಗ ಅರ್ಥವೇನು?

ಈಗ ನಿಮ್ಮ ವರದಿಯ ಇನ್ನೊಂದು ಅಧ್ಯಾಯಕ್ಕೆ ಬರುತ್ತೇನೆ, ಎಲೆಯ ಚಿತ್ರ ಇರುವ ಅಧ್ಯಾಯ. ಇದರ ಬಗ್ಗೆ ಗೋದಾಮಿನವಳಿಗೇನು ಗೊತ್ತು ಎಂದು ಅನ್ನಿಸಬಹುದು. ನನಗೂ ಮೊದಲು ಗೊತ್ತಿರಲಿಲ್ಲ. ನಿಮ್ಮ ಪೆಟ್ಟಿಗೆಗಳ ಮೇಲಿನ ಹಸಿರು ಗುರುತುಗಳ ಅರ್ಥ ತಿಳಿಯಲು ಹೋಗಿ ಓದುತ್ತಾ ಓದುತ್ತಾ ಇಲ್ಲಿಗೆ ಬಂದೆ.

ಮನುಷ್ಯರಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೇ ಒಂದು ಭಾಗ ಆಹಾರ ವ್ಯವಸ್ಥೆಯದ್ದು. ಕಂಪನಿಗಳು ತಮ್ಮ ಪಾಲನ್ನು ಮೂರು ಸ್ಕೋಪ್‌ಗಳಾಗಿ, ಅಂದರೆ ಮೂರು ವಲಯಗಳಾಗಿ, ಲೆಕ್ಕ ಹಾಕುತ್ತವೆ. ನಿಮ್ಮದೇ ಬಾಯ್ಲರು, ಲಾರಿಗಳ ಹೊಗೆ ಮೊದಲನೆಯದು. ಕೊಂಡ ವಿದ್ಯುತ್ತಿನ ಹೊಗೆ ಎರಡನೆಯದು. ಹೊಲ, ಹಟ್ಟಿ, ಗೊಬ್ಬರ, ಕಡಿದ ಕಾಡು, ಪ್ಯಾಕೇಜಿಂಗ್, ಸಾಗಣೆ, ಕೊನೆಗೆ ಕಸದ ಗುಂಡಿ, ಇವೆಲ್ಲ ಮೂರನೆಯದು. ಆಹಾರ ಕಂಪನಿಗೆ ಹೆಚ್ಚಿನದೆಲ್ಲ ಇರುವುದು ಮೂರನೆಯದರಲ್ಲೇ, ಎಷ್ಟೋ ಕಂಪನಿಗಳಿಗೆ ಹತ್ತರಲ್ಲಿ ಒಂಬತ್ತು ಪಾಲು. ವರದಿಯ ಮುಖಪುಟದಲ್ಲಿ ಬರುವುದು ಮಾತ್ರ ಕಾರ್ಖಾನೆಯ ಛಾವಣಿಯ ಸೌರಫಲಕ. ಫಲಕ ಒಳ್ಳೆಯದೇ. ಆದರೆ ಅದು ಹತ್ತರಲ್ಲಿ ಒಂದು ಪಾಲಿನ ಒಳಗಿನ ಮಾತು.

ಪದಗಳಲ್ಲೂ ಜಾಣತನವಿದೆ. ‘ಪ್ರತಿ ಟನ್ ಉತ್ಪನ್ನಕ್ಕೆ ಹೊರಸೂಸುವಿಕೆ ಇಳಿದಿದೆ’ ಎಂದು ಬರೆದಿರುತ್ತೀರಿ. ಪ್ರತಿ ಟನ್ನಿಗೆ ಇಳಿದು, ಟನ್ನುಗಳು ಏರಿದರೆ ಒಟ್ಟು ಏರಿಯೇ ಇರುತ್ತದೆ. ಆಕಾಶಕ್ಕೆ ಸರಾಸರಿ ಅರ್ಥವಾಗುವುದಿಲ್ಲ. ಇಳಿಕೆಯನ್ನು ಹೋಲಿಸಿ ಅಳೆಯಲು ಮೂಲ ವರ್ಷ ಎಂದು ಯಾವುದನ್ನು ಇಟ್ಟುಕೊಂಡಿದ್ದೀರಿ ಎಂಬುದೂ ಅಷ್ಟೇ. ವ್ಯಾಪಾರ ಉಬ್ಬಿದ್ದ ವರ್ಷವನ್ನು ಆರಿಸಿಕೊಂಡರೆ ಕೈಕಟ್ಟಿ ಕೂತರೂ ಅರ್ಧ ಗುರಿ ಮುಟ್ಟಿರುತ್ತದೆ. ಇನ್ನು ಎಲ್ಲೋ ಮರ ನೆಡಿಸಿ ‘ಇಂಗಾಲ ತಟಸ್ಥ’ ಎಂದು ಪ್ಯಾಕೆಟ್ ಮೇಲೆ ಬರೆಯುವುದು. ಯುರೋಪಿನ ಒಕ್ಕೂಟದ 2024ರ ನಿರ್ದೇಶನವೊಂದು ಅಂಥ ಬರಹವನ್ನು ನಿಷೇಧಿಸಿದೆ, 2026ರ ಸೆಪ್ಟೆಂಬರ್ 27ರಿಂದ ಅನ್ವಯ. ಅಲ್ಲಿಗೆ ಕಳಿಸುವ ಪ್ಯಾಕೆಟ್ ಮೇಲಿಂದ ಅಳಿಸಿ ಉಳಿದ ಕಡೆಯದರ ಮೇಲೆ ಉಳಿಸುತ್ತೀರೋ ಏನೋ, ನೋಡಬೇಕು.

ಇಷ್ಟಕ್ಕೆ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನನ್ನನ್ನು ಕೂರಿಸಿ ಬರೆಸಿದ್ದು ಕೊಟ್ಟ ಮಾತು ಸದ್ದಿಲ್ಲದೆ ಕಾಣೆಯಾಗುವ ಪರಿ.

2001ರಲ್ಲಿ ಅಮೆರಿಕದ ಇಬ್ಬರು ಜನಪ್ರತಿನಿಧಿಗಳ ಒತ್ತಾಯಕ್ಕೆ ದೊಡ್ಡ ಚಾಕೊಲೇಟ್ ಉದ್ಯಮ ಒಂದು ಒಪ್ಪಂದಕ್ಕೆ ಬಂತು. ಕೊಕೊ ತೋಟಗಳಲ್ಲಿ ಮಕ್ಕಳನ್ನು ಅಪಾಯದ ದುಡಿಮೆಗೆ ಹಚ್ಚುವ ಕೆಟ್ಟ ಪದ್ಧತಿಯನ್ನು ಕೊನೆಗಾಣಿಸುವ ಹಾರ್ಕಿನ್–ಎಂಗೆಲ್ ಒಪ್ಪಂದ. ಗಡುವು 2005. ಆಗಲಿಲ್ಲ. 2008 ಎಂದರು, ಆಗಲಿಲ್ಲ. 2010ರಲ್ಲಿ ಗುರಿಯನ್ನೇ ತಗ್ಗಿಸಿ, 2020ರೊಳಗೆ ಶೇ. 70ರಷ್ಟು ಕಡಿಮೆ ಮಾಡುತ್ತೇವೆ ಎಂದರು. ಆ 2020ರಲ್ಲೇ ಶಿಕಾಗೊ ವಿಶ್ವವಿದ್ಯಾಲಯದ ನಾರ್ಕ್ ಸಂಶೋಧನಾ ಸಂಸ್ಥೆ ಎಣಿಸಿ ಹೇಳಿತು: ಐವರಿ ಕೋಸ್ಟ್ ಮತ್ತು ಘಾನಾಗಳ ಕೊಕೊ ಬೆಳೆಯುವ ಪ್ರದೇಶದಲ್ಲಿ 15.6 ಲಕ್ಷ ಮಕ್ಕಳು ಕೊಕೊ ದುಡಿಮೆಯಲ್ಲಿದ್ದಾರೆ. ಒಪ್ಪಂದದ ವರ್ಷ ಹುಟ್ಟಿದ ಮಗುವಿಗೆ ಆ ಹೊತ್ತಿಗೆ ಹತ್ತೊಂಬತ್ತು ವರ್ಷ.

2010ರಲ್ಲಿ ಇನ್ನೊಂದು. ಜಗತ್ತಿನ ದೊಡ್ಡ ದೊಡ್ಡ ತಯಾರಕರು, ಮಾರಾಟಗಾರರು ಸೇರಿರುವ ಕನ್ಸ್ಯೂಮರ್ ಗೂಡ್ಸ್ ಫೋರಂ ಎಂಬ ಕೂಟ, ಸೋಯಾ, ತಾಳೆ ಎಣ್ಣೆ, ದನದ ಮಾಂಸ, ಕಾಗದ, ಈ ನಾಲ್ಕಕ್ಕಾಗಿ ಕಾಡು ಕಡಿಯುವುದನ್ನು 2020ರೊಳಗೆ ನಿವ್ವಳ ಸೊನ್ನೆಗೆ, ಅಂದರೆ ಕಡಿದದ್ದಕ್ಕೂ ಮತ್ತೆ ಬೆಳೆಸಿದ್ದಕ್ಕೂ ಸರಿಹೋಗುವಂತೆ, ತರುತ್ತೇವೆ ಎಂದು ಘೋಷಿಸಿತು. 2020 ಬಂತು, ಹೋಯಿತು, ಕಾಡು ಕಡಿಯುವುದು ನಿಲ್ಲಲಿಲ್ಲ. ಘೋಷಣೆಯ ದಿನ ಇದ್ದ ವೇದಿಕೆ, ದೀಪ, ಭಾಷಣ ಯಾವುದೂ ಗಡುವು ತಪ್ಪಿದ ದಿನ ಇರಲಿಲ್ಲ.

ಇತ್ತೀಚಿನದಕ್ಕೆ ಬಂದರೆ, ಕೋಕಾ–ಕೋಲಾ 2022ರಲ್ಲಿ ತನ್ನ ಪಾನೀಯಗಳಲ್ಲಿ ಶೇ. 25ರಷ್ಟನ್ನು 2030ರೊಳಗೆ ಹಿಂದಕ್ಕೆ ಪಡೆದು ಮತ್ತೆ ತುಂಬಿಸುವಂಥ ಬಾಟಲಿಗಳಲ್ಲಿ ಮಾರುತ್ತೇನೆಂದಿತ್ತು. 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ಹೊಸ ಗುರಿಗಳ ಪಟ್ಟಿಯಲ್ಲಿ ಆ ಸಾಲೇ ಇಲ್ಲ. ಯುನಿಲಿವರ್ ಹೊಸ ಪ್ಲಾಸ್ಟಿಕ್ಕಿನ ಬಳಕೆಯನ್ನು 2025ರೊಳಗೆ ಅರ್ಧಕ್ಕೆ ಇಳಿಸುವ ಮಾತನ್ನು 2024ರಲ್ಲಿ ತಿದ್ದಿ, 2026ರೊಳಗೆ ಶೇ. 30 ಎಂದಿತು. ಪೆಪ್ಸಿಕೊ 2025ರಲ್ಲಿ ತನ್ನ ನೆಟ್ ಝೀರೋ ವರ್ಷವನ್ನು, ಅಂದರೆ ಹಸಿರುಮನೆ ಅನಿಲದ ಲೆಕ್ಕ ಸೊನ್ನೆಗೆ ಬರುವ ವರ್ಷವನ್ನು, 2040ರಿಂದ 2050ಕ್ಕೆ ತಳ್ಳಿತು. ಇವರೆಲ್ಲ ಕಾರಣ ಕೊಟ್ಟಿದ್ದಾರೆ. ಕೆಲವು ನಿಜವಾದ ಕಾರಣಗಳೂ ಹೌದು: ಕರಗಿಸಿ ಮತ್ತೆ ತಯಾರಿಸಿದ ಪ್ಲಾಸ್ಟಿಕ್ ಸಾಕಷ್ಟು ಸಿಗುವುದಿಲ್ಲ, ಸಂಗ್ರಹಿಸುವ ವ್ಯವಸ್ಥೆ ಇಲ್ಲ, ಸರ್ಕಾರಗಳು ಕೈ ಜೋಡಿಸಲಿಲ್ಲ. ಸರಿ. ಆದರೆ ಮಾತು ಕೊಡುವ ದಿನ ಈ ಕಷ್ಟಗಳು ಇರಲಿಲ್ಲವೇ? ಆಗ ಇದ್ದ ಧೈರ್ಯಕ್ಕೆ ಷೇರುಪೇಟೆಯಲ್ಲಿ, ಗ್ರಾಹಕರ ಮನಸ್ಸಿನಲ್ಲಿ ನಿಮಗೆ ಬೆಲೆ ಸಿಕ್ಕಿತಲ್ಲ, ಅದನ್ನು ಹಿಂದಿರುಗಿಸಿದಿರಾ?

ನನ್ನ ಮುಖ್ಯ ತಕರಾರು ಇದು. ನಿಮ್ಮ ಕಚೇರಿಯಲ್ಲಿ ದಾನದ ವಿಭಾಗ ಒಂದು ಮಹಡಿಯಲ್ಲಿದೆ, ಖರೀದಿಯ ವಿಭಾಗ ಇನ್ನೊಂದು ಮಹಡಿಯಲ್ಲಿದೆ, ನಡುವೆ ಮೆಟ್ಟಿಲೇ ಇದ್ದಂತಿಲ್ಲ. ದಾನದ ವಿಭಾಗದವರು ನಮ್ಮ ಗೋದಾಮಿಗೆ ಬಂದು ಮಕ್ಕಳ ಹಸಿವಿನ ಬಗ್ಗೆ ಕಣ್ಣಂಚಲ್ಲಿ ನೀರು ತುಂಬಿಕೊಂಡು ಮಾತಾಡುತ್ತಾರೆ, ಅದು ನಟನೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ಅದೇ ವೇಳೆ ಖರೀದಿಯವರು ಬೆಳೆಗಾರನಿಗೆ ಕೊಟ್ಟ ಆರ್ಡರನ್ನು ಕೊನೆಯ ಗಳಿಗೆಯಲ್ಲಿ ಅರ್ಧ ಮಾಡಿ, ಆಕಾರ ಸರಿಯಿಲ್ಲ ಎಂದು ಒಂದಷ್ಟು ತಿರಸ್ಕರಿಸಿ, ಹಣವನ್ನು ತಿಂಗಳುಗಟ್ಟಲೆ ತಡೆಹಿಡಿಯುತ್ತಾರೆ. ಜಗತ್ತಿನ ಹಸಿದವರಲ್ಲಿ ದೊಡ್ಡ ಪಾಲು ಹಳ್ಳಿಯವರು, ಬೆಳೆದೇ ಬದುಕುವವರು. ಒಂದು ಮಹಡಿಯಲ್ಲಿ ಹುಟ್ಟಿಸಿದ ಹಸಿವಿಗೆ ಇನ್ನೊಂದು ಮಹಡಿಯಿಂದ ಪೊಟ್ಟಣ ಕಳಿಸುತ್ತಿದ್ದೀರಿ. ಹಸು ಕೊಂದು ಚಪ್ಪಲಿ ದಾನ ಮಾಡಿದರು ಎಂಬ ಗಾದೆ ನಮ್ಮಲ್ಲಿದೆ. ನೀವು ಚಪ್ಪಲಿಯ ಲೆಕ್ಕವನ್ನು ಜೋಡಿ ಜೋಡಿಯಾಗಿ, ಬಣ್ಣದ ಚಿತ್ರದ ಸಮೇತ ಕೊಡುತ್ತೀರಿ.

ಒಳ್ಳೆಯ ಮನಸ್ಸಿದ್ದರೂ ಈ ಗಂಟು ಬಿಡುವುದಿಲ್ಲ ಎಂಬುದಕ್ಕೆ ಚಾಕೊಲೇಟಿನ ಕತೆಯನ್ನೇ ನೋಡಿ. ಅಮೆರಿಕದ ಹರ್ಷಿ ಚಾಕೊಲೇಟ್ ಕಂಪನಿ ಕಟ್ಟಿದ ಮಿಲ್ಟನ್ ಹರ್ಷಿ ಮತ್ತು ಅವರ ಪತ್ನಿ 1909ರಲ್ಲಿ ಅನಾಥ ಹುಡುಗರಿಗೆ ಒಂದು ಶಾಲೆ ತೆರೆದರು. 1918ರಲ್ಲಿ ಆತ ತನ್ನ ಸಂಪತ್ತಿನ ಬಹುಪಾಲನ್ನು ಆ ಶಾಲೆಯ ಟ್ರಸ್ಟಿಗೇ ಬರೆದುಕೊಟ್ಟ. ಇವತ್ತಿಗೂ ಆ ಕಂಪನಿಯ ಮೇಲೆ ಟ್ರಸ್ಟಿನದೇ ಹಿಡಿತ, ಲಾಭಾಂಶದಲ್ಲಿ ಬಡ ಮಕ್ಕಳು ಓದುತ್ತಿದ್ದಾರೆ. ಇದಕ್ಕಿಂತ ದೊಡ್ಡ ದಾನ ನನಗೆ ಗೊತ್ತಿಲ್ಲ. ಆದರೂ 2001ರ ಒಪ್ಪಂದಕ್ಕೆ ಸಹಿ ಹಾಕಿದ ಉದ್ಯಮದಲ್ಲಿ ಅದೂ ಇತ್ತು, ಆ ಒಪ್ಪಂದ ತಪ್ಪಿದ ಉದ್ಯಮದಲ್ಲೂ ಇತ್ತು. ಒಂದು ಖಂಡದ ಮಕ್ಕಳಿಗೆ ಶಾಲೆ ಕೊಡುವ ಬೀಜವನ್ನು ಇನ್ನೊಂದು ಖಂಡದ ಮಕ್ಕಳು ಶಾಲೆ ಬಿಟ್ಟು ಒಡೆಯುತ್ತಿದ್ದರೆ, ಅದನ್ನು ಯಾವ ಅಧ್ಯಾಯದಲ್ಲಿ ಬರೆಯುವುದು?

ಮೇಲಿನವರು ಮನಸ್ಸು ಮಾಡಿದರೂ ಕುರ್ಚಿ ಉಳಿಯುತ್ತದೆಂಬ ಖಾತ್ರಿಯಿಲ್ಲ ಎಂಬುದನ್ನೂ ಬಲ್ಲೆ. ಮೊಸರು, ಹಾಲಿನ ಉತ್ಪನ್ನ ಮಾರುವ ಫ್ರಾನ್ಸಿನ ಡಾನೋನ್ ಕಂಪನಿ 2020ರ ಜೂನಿನಲ್ಲಿ ಸಾಮಾಜಿಕ, ಪರಿಸರದ ಧ್ಯೇಯಗಳನ್ನು ತನ್ನ ಕಂಪನಿ ನಿಯಮಾವಳಿಯೊಳಗೇ ಬರೆದುಕೊಂಡಿತು, ಷೇರುದಾರರು ಹೆಚ್ಚುಕಡಿಮೆ ಒಮ್ಮತದಿಂದ ಒಪ್ಪಿದರು. ಒಂಬತ್ತು ತಿಂಗಳಿಗೆ, ಲಾಭ ಸಾಲದು ಎಂದು ಕೆಲವು ಹೂಡಿಕೆದಾರರು ಪಟ್ಟು ಹಿಡಿದು, ಅದನ್ನು ಮುನ್ನಡೆಸಿದ್ದ ಎಮಾನ್ಯುಯೆಲ್ ಫಾಬರ್ ಅವರನ್ನು ಕೆಳಗಿಳಿಸಲಾಯಿತು. ಹಾಗೆಂದು ಎಲ್ಲವೂ ವ್ಯರ್ಥ ಎಂದುಕೊಳ್ಳುವವಳೂ ನಾನಲ್ಲ. ನಟ ಪಾಲ್ ನ್ಯೂಮನ್ 1982ರಲ್ಲಿ ಗೆಳೆಯನ ಜೊತೆ ಸೇರಿ ಶುರುಮಾಡಿದ ನ್ಯೂಮನ್ಸ್ ಓನ್ ಕಂಪನಿ ತನ್ನ ಲಾಭವನ್ನೆಲ್ಲ ದಾನಕ್ಕೇ ಕೊಡುತ್ತಾ ಬಂದಿದೆ. ಬ್ರಿಟನ್ನಿನ ಸೂಪರ್ ಮಾರ್ಕೆಟ್ ಕಂಪನಿ ಟೆಸ್ಕೊ 2013ರಲ್ಲಿ ತಾನು ಮಾರುವ ಪ್ಯಾಕೆಟ್ ಸಲಾಡಿನಲ್ಲಿ ಶೇ. 68ರಷ್ಟು ಹೊಲದಿಂದ ಮನೆಯವರೆಗಿನ ದಾರಿಯಲ್ಲಿ ವ್ಯರ್ಥವಾಗುತ್ತಿದೆ ಎಂದು ತಾನೇ ಹೇಳಿಕೊಂಡಿತು. ಮರ್ಯಾದೆಗೇಡಿನ ಅಂಕಿ ಅದು, ಆದರೂ ಅದನ್ನು ಓದಿ ನನಗೆ ಆ ಕಂಪನಿಯ ಮೇಲೆ ಗೌರವ ಹೆಚ್ಚಿತು. ಅದೇ ಟೆಸ್ಕೊ 2024ರಲ್ಲಿ, ಪ್ರಾಣಿಗಳ ಮೇವಿಗೆ ಹೋಗಿದೆ ಎಂದುಕೊಂಡಿದ್ದ ಒಂದಷ್ಟು ಆಹಾರ ಅದನ್ನು ಕೊಳೆಸಿ ಇಂಧನ ಅನಿಲ ಮಾಡುವ ಘಟಕಕ್ಕೆ ಹೋಗಿತ್ತೆಂದು ತಿಳಿದು, ವ್ಯರ್ಥ ತಗ್ಗಿಸಿದ ತನ್ನ ಸಾಧನೆಯನ್ನು ಬಹಿರಂಗವಾಗಿ ಇಳಿಸಿ ಬರೆಯಬೇಕಾಯಿತು. ಆಗಲಿ, ಬರೆಯಿತಲ್ಲ.

ಹಾಗಾದರೆ ನಾನು ಕೇಳುವುದೇನು? ಕೊಡುವುದನ್ನು ನಿಲ್ಲಿಸಿ ಎಂದಲ್ಲ. ನಿಲ್ಲಿಸಿದರೆ ಮುಂದಿನ ಶನಿವಾರ ಸಾಲಿನಲ್ಲಿ ನಿಲ್ಲುವವರಿಗೆ ನಾನು ಮುಖ ತೋರಿಸಲಾರೆ. ಮೊದಲನೆಯದಾಗಿ, ಕೊಡುವ ಸರಕಿಗೆ ಉಳಿದ ಆಯುಸ್ಸು ಎಷ್ಟು ಎಂದು ಲೆಕ್ಕದಲ್ಲಿ ಬರೆಯಿರಿ. ‘ಇಷ್ಟು ಟನ್ ಕೊಟ್ಟೆವು’ ಎಂಬ ಸಾಲಿನ ಪಕ್ಕದಲ್ಲೇ ‘ಅದರಲ್ಲಿ ಹತ್ತು ದಿನಕ್ಕಿಂತ ಹೆಚ್ಚು ಅವಧಿ ಉಳಿದಿದ್ದದ್ದು ಇಷ್ಟು, ಧಾನ್ಯ ಬೇಳೆ ತರಕಾರಿ ಇಷ್ಟು, ಸಿಹಿ ಪಾನೀಯ ಇಷ್ಟು, ನಿಜಕ್ಕೂ ಜನರ ತಟ್ಟೆ ತಲುಪಿದ್ದು ಇಷ್ಟು’ ಎಂದಿರಲಿ. ಕೊನೆಯ ಅಂಕಿ ನಿಮ್ಮಲ್ಲಿರುವುದಿಲ್ಲ, ನಮ್ಮನ್ನು ಕೇಳಿ. ಎಂಟು ವರ್ಷದಲ್ಲಿ ಯಾರೂ ಕೇಳಿಲ್ಲ.

ಎರಡನೆಯದು ದುಡ್ಡಿನ ಮಾತು. ಪೆಟ್ಟಿಗೆ ಕೊಡುವವರು ಬಹಳ, ಪೆಟ್ಟಿಗೆ ಇಡುವ ಫ್ರೀಜರಿಗೆ, ಅದರ ಕರೆಂಟ್ ಬಿಲ್ಲಿಗೆ, ಲಾರಿ ಓಡಿಸುವ ಹುಡುಗನ ಸಂಬಳಕ್ಕೆ ಕೊಡುವವರು ಇಲ್ಲ. ಸಂಬಳದ ಫೋಟೋ ತೆಗೆಯಲು ಬರುವುದಿಲ್ಲವಲ್ಲ. ನಮ್ಮ ಸಂಸ್ಥೆಯವರು ಒಮ್ಮೆ ಒಂದು ಕಂಪನಿಯನ್ನು ಫ್ರೀಜರ್ ಕೇಳಿದ್ದರು. ಸಿಬ್ಬಂದಿಯನ್ನೇ ಒಂದು ದಿನ ಸ್ವಯಂಸೇವೆಗೆ ಕಳಿಸುತ್ತೇವೆ ಎಂದು ಉತ್ತರ ಬಂತು. ನಲವತ್ತು ಮಂದಿ ಬಂದರು. ಅವರಿಗೆ ಕೆಲಸ ಹುಡುಕಿಕೊಡುವುದರಲ್ಲೇ ನಮ್ಮ ದಿನ ಮುಗಿಯಿತು, ಕೊನೆಗೆ ಗೋಡೆಗೆ ಬಣ್ಣ ಹೊಡೆದು ಹೋದರು. ಆ ಗೋಡೆಗೆ ಹಿಂದಿನ ತಿಂಗಳಷ್ಟೇ ಇನ್ನೊಂದು ಕಂಪನಿಯವರು ಬಣ್ಣ ಹೊಡೆದಿದ್ದರು. ಮೂರೋ ಐದೋ ವರ್ಷದ ಒಪ್ಪಂದ ಮಾಡಿಕೊಳ್ಳಿ, ಯಾವುದಕ್ಕೆ ಬೇಕೋ ಅದಕ್ಕೆ ಖರ್ಚು ಮಾಡಿ ಎಂದು ಹಣ ಕೊಡಿ. ‘ಈ ಲಾರಿ ಬೇಡ’ ಎಂದು ಹೇಳುವ ಹಕ್ಕನ್ನು ಆ ಒಪ್ಪಂದದಲ್ಲೇ ಬರೆಯಿರಿ. ಇವತ್ತು ನಾವು ಬೇಡ ಎನ್ನುವುದಿಲ್ಲ, ಯಾಕೆಂದರೆ ಇಂದು ಬೇಡ ಎಂದರೆ ನಾಳೆ ಒಳ್ಳೆಯದು ಬಂದಾಗ ನಮ್ಮನ್ನು ಕರೆಯುವುದಿಲ್ಲ ಎಂಬ ಹೆದರಿಕೆ. ಬೇಡ ಎನ್ನಲು ಆಗದ ಸಂಬಂಧಕ್ಕೆ ನೀವು ‘ಪಾಲುದಾರಿಕೆ’ ಎಂದು ಹೆಸರಿಟ್ಟಿದ್ದೀರಿ.

ಮೂರನೆಯದು, ವರದಿಯಲ್ಲಿ ಒಂದು ಪುಟ. ಕಳೆದ ಹದಿನೈದು ವರ್ಷದಲ್ಲಿ ಕಂಪನಿ ಕೊಟ್ಟ ಒಂದೊಂದು ಸಾರ್ವಜನಿಕ ಮಾತು, ಕೊಟ್ಟ ವರ್ಷ, ಗಡುವು, ಇವತ್ತಿನ ಸ್ಥಿತಿ. ಈಡೇರಿದ್ದು, ತಪ್ಪಿದ್ದು, ಮುಂದಕ್ಕೆ ಹಾಕಿದ್ದು, ಸದ್ದಿಲ್ಲದೆ ಕೈಬಿಟ್ಟದ್ದು, ಎಲ್ಲವೂ ಒಂದೇ ಕೋಷ್ಟಕದಲ್ಲಿ. ಈ ಪುಟ ದಾನದ ಪುಟದ ಎದುರಿಗೇ ಇರಲಿ, ಪುಸ್ತಕ ಬಿಡಿಸಿದರೆ ಎರಡೂ ಒಟ್ಟಿಗೆ ಕಾಣುವಂತೆ. ಅದರ ಕೆಳಗೆ ದಾನದ ವಿಭಾಗದವರ ಸಹಿ ಬೇಡ, ಖರೀದಿಯ ಮುಖ್ಯಸ್ಥರ ಸಹಿ ಇರಲಿ. ಅವರ ಬೋನಸ್ಸಿನ ಒಂದಿಷ್ಟು ಭಾಗ ಆ ಕೋಷ್ಟಕಕ್ಕೆ ಕಟ್ಟಿರಲಿ. ನಿಮ್ಮಲ್ಲಿ ಕೆಲವರು ಹಾಗೆ ಕಟ್ಟಿದ್ದೀರಿ ಎಂದು ಬಲ್ಲೆ, ಅದು ಎಷ್ಟು ಭಾಗ ಎಂದೂ ಬರೆಯಿರಿ.

ಪೆಟ್ಟಿಗೆಯ ಮೇಲಿನ ದಿನಾಂಕದ ಪದಗಳನ್ನು ಸರಿಪಡಿಸುವುದಕ್ಕಂತೂ ಆಡಳಿತ ಮಂಡಳಿಯ ಸಭೆಯೂ ಬೇಕಿಲ್ಲ. ಕಾನೂನು ಅಡ್ಡಬರದ ಕಡೆ ಅಚ್ಚಿನವರಿಗೆ ಒಂದು ಮಾತು ಹೇಳಿದರೆ ಸಾಕು.

ಇದಕ್ಕೆ ಉತ್ತರವಾಗಿ ಸಂಪರ್ಕ ವಿಭಾಗದಿಂದ ‘ನಿಮ್ಮ ಕಾಳಜಿಯನ್ನು ಗೌರವಿಸುತ್ತೇವೆ’ ಎಂಬ ಪತ್ರ ಬರುವುದು ಬೇಡ. ಅಂಥವು ನನ್ನ ಬಳಿ ಆಗಲೇ ಮೂರಿವೆ. ಗೋದಾಮಿನ ಬಾಗಿಲು ಶನಿವಾರ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ಖರೀದಿಯ ಮುಖ್ಯಸ್ಥರನ್ನು ಕರೆದುಕೊಂಡು ಬನ್ನಿ, ಕ್ಯಾಮೆರಾದವರನ್ನು ಬಿಟ್ಟು ಬನ್ನಿ. ನಿಮ್ಮದೇ ಲಾರಿಯನ್ನು ಒಟ್ಟಿಗೆ ಇಳಿಸೋಣ, ನಿಮ್ಮದೇ ಪೆಟ್ಟಿಗೆಯ ದಿನಾಂಕವನ್ನು ನೀವೇ ಗಟ್ಟಿಯಾಗಿ ಓದಿ, ನಾನು ಬರೆದುಕೊಳ್ಳುತ್ತೇನೆ. ಕೈಗವಸು ನಮ್ಮಲ್ಲೇ ಇವೆ.

ಇಂತಿ,
ಗೋದಾಮಿನ ಒಬ್ಬ ಸ್ವಯಂಸೇವಕಿ